ಹೆವಿ ಲೈಸೆನ್ಸ್ ಬಂತು, ಎಲ್ಲರೂ ಅನುಭವ ಕೇಳ್ತಾರೆ: ಕಲಬುರಗಿ ಕಡೆ ಮೊದಲ ಲಾರಿ ಕೆಲಸ ಹೇಗೆ ಹಿಡಿಯೋದು?

ಚಿತ್ತಾಪುರದವ:

ಎಲ್ಲರಿಗೂ ನಮಸ್ಕಾರ ರೀ. ನನ್ನದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ, ವಯಸ್ಸು 22. ಕಾರಿನ ಲೈಸೆನ್ಸ್ ಮೊದಲೇ ಇತ್ತು, ಈಗ ಹೆವಿಯೂ ಆಯ್ತು, ಕಾರ್ಡ್ ಕೈಗೆ ಬಂದಿದೆ. ಕಲಿತದ್ದು ಡ್ರೈವಿಂಗ್ ಸ್ಕೂಲಿನ ಹಳೇ ಆರು ಚಕ್ರದ ಗಾಡಿಯಲ್ಲಿ. ಖಾಲಿ ಗಾಡಿ, ಊರ ಹೊರಗಿನ ರಸ್ತೆ, ಪಕ್ಕದಲ್ಲಿ ಮಾಸ್ತರು. ಲೋಡ್ ಇರುವ ಗಾಡಿ ಒಮ್ಮೆಯೂ ಓಡಿಸಿಲ್ಲ, ಇದನ್ನು ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ.

ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಸಾಗಿಸುವ ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಹೋಗಿ ಕೇಳಿದೆ. ಎಲ್ಲ ಕಡೆ ಒಂದೇ ಪ್ರಶ್ನೆ, ಎಷ್ಟು ವರ್ಷ ಓಡಿಸಿದ್ದೀಯಾ? ಹೊಸಬ ಅಂದ ಕೂಡಲೇ ಮಾತು ಮುಗೀತು. ನಂಬರ್ ಬರೆದಿಟ್ಟು ಹೋಗು ಅಂತಾರೆ, ಫೋನ್ ಮಾತ್ರ ಬರಲ್ಲ. ಯಾರೂ ಗಾಡಿ ಕೊಡದೆ ಇದ್ದರೆ ಅನುಭವ ಎಲ್ಲಿಂದ ತರಲಿ ಹೇಳ್ರಿ.

ಒಬ್ಬ ಮಾಲೀಕರು ಮಾತ್ರ, ಆರು ತಿಂಗಳು ಕ್ಲೀನರ್ ಆಗಿ ಬಾ, ಊಟ ಕೊಡ್ತೀನಿ, ಸಂಬಳ ಇಲ್ಲ, ಒರಿಜಿನಲ್ ಲೈಸೆನ್ಸ್ ನನ್ನ ಹತ್ತಿರ ಇರಲಿ ಅಂದರು. ಇನ್ನೊಂದು ಕಡೆ ಫೋನಿನಲ್ಲಿ ಜಾಹೀರಾತು ನೋಡಿ ಕರೆ ಮಾಡಿದೆ. ತಿಂಗಳಿಗೆ 45 ಸಾವಿರ, ಅನುಭವ ಬೇಡ, ಆದರೆ ಮೊದಲು ನೋಂದಣಿಗೆ ಅಂತ ದುಡ್ಡು ಹಾಕಬೇಕಂತೆ. ಹಾಕಿಲ್ಲ.

ಮನೆಯಲ್ಲಿ ಸ್ವಲ್ಪ ತೊಗರಿ ಹೊಲ ಇದೆ, ಮಳೆ ನಂಬಿದ್ದು. ಅಪ್ಪಗೆ ನಾನು ದುಡಿಯೋಕೆ ಶುರು ಮಾಡಿದರೆ ಸಾಕಾಗಿದೆ. ಅವ್ವ ಈ ಕೆಲಸವೇ ಬೇಡ ಅಂತಾಳೆ, ಪೇಪರಿನಲ್ಲಿ ಲಾರಿ ಅಪಘಾತ ಅಂತ ಬಂದ ದಿನ ಊಟ ಸರಿಯಾಗಿ ಮಾಡಲ್ಲ. ನನಗೆ ಮಾತ್ರ ಇದೇ ಕೆಲಸ ಬೇಕು. ಕ್ಲೀನರ್ ಆಗಿ ಹೋಗೋದು ಸರಿನಾ? ಬೇರೆ ದಾರಿ ಏನಾದರೂ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹುಮನಾಬಾದ್ ಲೈನ್:

ತಮ್ಮಾ, ನಾನು ಹುಮನಾಬಾದಿನವನು. ಮುಂಬೈ, ಹೈದರಾಬಾದ್ ಲೈನಿನಲ್ಲಿ ಬಹಳ ವರ್ಷ ಓಡಿಸಿ, ಬೆನ್ನು ನೋವು ಅಂತ ಈಗ ಹತ್ತಿರದ ಟ್ರಿಪ್ ಮಾತ್ರ ಮಾಡ್ತೀನಿ. ನಮ್ಮೂರಲ್ಲಿ 65 ಮತ್ತು 50ನೇ ಹೆದ್ದಾರಿ ಎರಡೂ ಸೇರುತ್ತವೆ, ಹಾಗಾಗಿ ಹೊಸ ಹುಡುಗರು ಗಾಡಿ ಕೇಳಿಕೊಂಡು ಧಾಬಾ ಹತ್ತಿರ ಬರೋದು ಯಾವಾಗಲೂ ನೋಡ್ತೀನಿ. ನೀನು ಇದ್ದದ್ದು ಇದ್ದ ಹಾಗೆ ಹೇಳಿದ್ದೀಯಲ್ಲ, ಅದು ಒಳ್ಳೇದು.

ಮಾಲೀಕನ ಮನಸ್ಸಿನಲ್ಲಿ ಏನಿರುತ್ತೆ ಅಂತ ಮೊದಲು ತಿಳ್ಕೋ. ನೇರ ರಸ್ತೆಯಲ್ಲಿ ನೀನು ಓಡಿಸ್ತೀಯ, ಅದು ಅವನಿಗೂ ಗೊತ್ತು. ಅವನ ಭಯವೇ ಬೇರೆ. ಗೋದಾಮಿನ ಸಂದಿಗೆ ರಿವರ್ಸ್ ಹಾಕುವಾಗ ಗೋಡೆಗೆ ತಗುಲಿಸಿದರೆ ಏನು ಗತಿ, ತಿರುವಿನಲ್ಲಿ ಗಾಡಿಯ ಹಿಂಭಾಗ ಎಷ್ಟು ಹೊರಗೆ ಹೋಗುತ್ತೆ ಅಂತ ಅಂದಾಜು ಸಿಗದೆ ಬೈಕಿನವನಿಗೆ ಬಡಿದರೆ ಏನು ಮಾಡೋದು, ಇಳಿಜಾರಿನಲ್ಲಿ ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕಿ ಬರೀ ಬ್ರೇಕ್ ಮೇಲೆ ಇಳಿದು ಡ್ರಮ್ ಕಾಯಿಸಿಬಿಟ್ಟರೆ ಗಾಡಿ ಎಲ್ಲಿ ಹೋಗಿ ನಿಲ್ಲುತ್ತೆ, ರಾತ್ರಿ ಎರಡು ಗಂಟೆಗೆ ಟಯರ್ ಹೋದರೆ ಇವನು ಗಾಬರಿಯಾಗಿ ಗಾಡಿ ಬಿಟ್ಟು ಹೋಗ್ತಾನಾ ಅಂತ. ಇವೆಲ್ಲ ಲೈಸೆನ್ಸ್ ಕೊಡುವಾಗ ಯಾರೂ ನೋಡಿರಲ್ಲ.

ಅದಕ್ಕೆ ನಿನಗೆ ಬೇಕಾಗಿರೋದು ಒಬ್ಬ ಒಳ್ಳೆ ಹಿರಿಯ ಡ್ರೈವರ್. ಸೆಕೆಂಡ್ ಡ್ರೈವರ್ ಆಗಿ ಅವನ ಜೊತೆ ಹತ್ತು. ಖಾಲಿ ವಾಪಸ್ ಬರುವಾಗ ಮೊದಲು ಸ್ಟೆರಿಂಗ್ ಕೇಳು, ಆಮೇಲೆ ಅರ್ಧ ಲೋಡ್, ಆಮೇಲೆ ಪೂರ್ತಿ. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಮೇಲೆ ಮೀಟರಿನಲ್ಲಿ ಬ್ರೇಕಿನ ಏರ್ ಪೂರ್ತಿ ಏರುವ ತನಕ ಕದಲಿಸಬಾರದು, ಹತ್ತಿದ ಗೇರಿನಲ್ಲೇ ಇಳೀಬೇಕು, ತಾಡಪತ್ರಿ ಹೊದಿಸಿ ಹಗ್ಗ ಬಿಗಿಯೋದು ಹೇಗೆ, ಹೊಸ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ ಖಾಲಿಯಾದರೆ ಇಂಜಿನ್ ಶಕ್ತಿ ಕಡಿಮೆಯಾಗೋದು ಯಾಕೆ, ಇದನ್ನೆಲ್ಲ ಪಕ್ಕದಲ್ಲಿ ಕೂತೇ ಕಲೀಬೇಕು. ತೊಗರಿ ಬೇಳೆ ಲೋಡಿಗೆ ಒಂದು ಮೂಲೆಯಲ್ಲಿ ಮಳೆ ನೀರು ಇಳಿದರೂ ಕೊಂಡ ಪಾರ್ಟಿ ಮಾಲು ಇಳಿಸಿಕೊಳ್ಳಲ್ಲ.

ರಿವರ್ಸ್ ಒಂದನ್ನು ಮಾತ್ರ ಚೆನ್ನಾಗಿ ಕಲಿ. ಆಫೀಸಿನ ಮುಂದೆ ಹೋಗಿ ನಿಂತಾಗ ನಿನ್ನನ್ನು ಪರೀಕ್ಷೆ ಮಾಡೋದು ಅದರಲ್ಲೇ. ಅನುಮಾನ ಬಂತಾ, ಗಾಡಿ ನಿಲ್ಲಿಸಿ ಇಳಿದು ಹಿಂದೆ ಹೋಗಿ ನೋಡು. ನಾಚಿಕೆ ಪಡಬೇಡ. ಇಳಿದು ನೋಡುವ ಹುಡುಗನಿಗೆ ಮಾಲೀಕರು ಬೇಗ ಗಾಡಿ ಕೊಡ್ತಾರೆ.

ಬಲ್ಕರ್ ಸೇಡಂ:

ಹಿರಿಯರು ಹೇಳಿದ್ದು ಸರಿ, ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಸಂಬಳ ಇಲ್ಲದೆ ಆರು ತಿಂಗಳು ಹೋಗಬೇಡ. ಲೈಸೆನ್ಸ್ ಇರುವ ಹುಡುಗ ಗಾಡಿ ತೊಳೀತಾನೆ, ಹಗ್ಗ ಕಟ್ಟುತ್ತಾನೆ, ರಾತ್ರಿ ಕಾವಲು ಇರ್ತಾನೆ, ಡ್ರೈವರ್ ಸುಸ್ತಾದಾಗ ಓಡಿಸ್ತಾನೆ. ಅದು ಕೆಲಸ ಅಲ್ವಾ? ಕಡಿಮೆ ಆದರೂ ಪರವಾಗಿಲ್ಲ, ತಿಂಗಳ ಸಂಬಳ ಇಷ್ಟು, ಟ್ರಿಪ್‌ಗೆ ಭತ್ಯೆ ಇಷ್ಟು ಅಂತ ಮೊದಲೇ ಮಾತಾಡ್ಕೋ. ಎಷ್ಟು ತಿಂಗಳ ಮೇಲೆ ಸ್ಟೆರಿಂಗ್ ಕೊಡ್ತೀರಿ ಅಂತಾನೂ ಕೇಳು.

ಒರಿಜಿನಲ್ ಲೈಸೆನ್ಸ್ ಯಾರ ಕೈಗೂ ಕೊಡಬೇಡ. ಜೆರಾಕ್ಸ್ ಕೊಡು ಸಾಕು. ಡಿಜಿಲಾಕರಿನಲ್ಲಿ ಹಾಕಿಟ್ಕೋ, ರಸ್ತೆಯಲ್ಲಿ ತೋರಿಸೋಕೆ ಅದೂ ನಡೆಯುತ್ತೆ. ಕಾರ್ಡ್ ಅವರ ಕಪಾಟಿನಲ್ಲಿದ್ದರೆ ನೀನು ಆ ಕೆಲಸ ಬಿಡೋಕೂ ಆಗಲ್ಲ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಕೂಡ ಬೇಡ. ಸಾಲ ಬೇಕಾ ಅಂತ ಅವರೇ ಮುಂಗಡ ಕೊಡೋಕೆ ಬಂದರೆ ಇನ್ನೂ ಹುಷಾರು. ಮುಂಗಡ ತೀರಿಸೋಕೆ ವರ್ಷಗಟ್ಟಲೆ ಒಂದೇ ಗಾಡಿಗೆ ಅಂಟಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಡೀಸೆಲ್ ಆವರೇಜ್ ಬಗ್ಗೆ ಮೊದಲೇ ಕೇಳು. ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು, ಕಡಿಮೆ ಬಂದರೆ ನಿನ್ನ ಸಂಬಳದಲ್ಲಿ ಕಡಿತ ಅಂತಾರೆ. ಹೊಸಬರಿಗೆ ಆವರೇಜ್ ಬರಲ್ಲ, ಗೇರ್ ಬದಲಾಯಿಸೋದು ಕೈಗೆ ಕೂರಬೇಕು. ಮೊದಲ ಕೆಲವು ತಿಂಗಳು ಕಡಿತ ಬೇಡ ಅಂತ ಕೇಳಿದರೆ ಒಳ್ಳೆ ಮಾಲೀಕ ಒಪ್ತಾನೆ. ಸಿಮೆಂಟ್ ಚೀಲ ಲೋಡ್ ಆದರೆ ನಿಂತು ಎಣಿಸು. ಹರಿದ ಚೀಲ, ಕಡಿಮೆ ಬಿದ್ದ ಚೀಲ ಎಲ್ಲ ಶಾರ್ಟೇಜ್ ಅಂತ ಡ್ರೈವರ್ ತಲೆಗೇ ಬರುತ್ತೆ. ಎಲ್‌ಆರ್ (ಮಾಲು ಸಾಗಿಸುವ ರಸೀದಿ) ಮೇಲೆ ಸಹಿ ಮಾಡುವ ಮೊದಲೇ ನೋಡಬೇಕು, ಗೇಟ್ ದಾಟಿದ ಮೇಲೆ ಯಾರೂ ಕೇಳಲ್ಲ.

ಇನ್ನು ನಾನು ಓಡಿಸುವ ಬಲ್ಕರ್. ಬಿಡಿ ಸಿಮೆಂಟ್ ತುಂಬಿ ಕೊಂಡೊಯ್ಯುವ ಟ್ಯಾಂಕರ್ ಇದು, ಕೆಲವರು ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆಯಿಂದ ಹಾರುಬೂದಿ ತರ್ತಾರೆ. ಮೊದಲ ಗಾಡಿಯಾಗಿ ಇದನ್ನು ಹಿಡಿಯಬೇಡ. ಭಾರ ಎಲ್ಲ ಮೇಲೆ ಇರುತ್ತೆ, ತಿರುವಿನಲ್ಲಿ ಸ್ವಲ್ಪ ಜೋರಾದರೂ ಮಗುಚುತ್ತೆ. ಇಳಿಸುವಾಗ ಕಂಪ್ರೆಸರಿನಿಂದ ಗಾಳಿ ಒತ್ತಡ ಕೊಡಬೇಕು, ಒತ್ತಡ ಪೂರ್ತಿ ಇಳಿಯುವ ಮೊದಲು ಮುಚ್ಚಳ ಬಿಚ್ಚೋಕೆ ಹೋದರೆ ಪ್ರಾಣಕ್ಕೇ ಅಪಾಯ. ಸುಣ್ಣದಕಲ್ಲಿನ ಗಣಿ ಒಳಗೆ ಟಿಪ್ಪರ್ ಓಡಿಸೋಕಂತೂ ಬೇರೆ ತರಬೇತಿಯೇ ಬೇಕು, ಅದು ಗಣಿ ಕಾನೂನಿನಲ್ಲೇ ಇದೆ. ಪ್ಲಾಂಟ್ ಗೇಟಿಗೆ ಹೋಗುವ ಮುಂಚೆ ಸೇಫ್ಟಿ ಶೂ, ಹೆಲ್ಮೆಟ್ ತಗೋ. ಚಪ್ಪಲಿಯಲ್ಲಿ ಹೋದರೆ ಒಳಗೇ ಬಿಡಲ್ಲ, ಸುಮ್ನೆ ಸರದಿಯ ಟೋಕನ್ ಹೋಗುತ್ತೆ.

ಶಹಾಪುರ ಹುಡುಗ:

ಇಲ್ಲೇ ನನ್ನದೂ ಒಂದು ಪ್ರಶ್ನೆ ಅಣ್ಣಾ. ನನಗೆ 19, ಕಾರಿನ ಲೈಸೆನ್ಸ್ ಮಾತ್ರ ಇದೆ. ನಮ್ಮ ಕಡೆ ರೈಸ್ ಮಿಲ್ಲಿನವರು ಭತ್ತದ ಸೀಸನ್ನಿಗೆ ಪಿಕಪ್ ಓಡಿಸೋಕೆ ಕರೀತಿದ್ದಾರೆ. ಬ್ಯಾಡ್ಜ್ (ಬಾಡಿಗೆ ಗಾಡಿ ಓಡಿಸುವ ಅನುಮತಿ) ಇಲ್ಲದೆ ಓಡಿಸಬಹುದಾ?

ಗಂಜ್ ಮಾಲೀಕ:

ಶಹಾಪುರದ ತಮ್ಮನಿಗೆ ಮೊದಲು ಹೇಳಿಬಿಡ್ತೀನಿ. ಗಾಡಿಯ ಒಟ್ಟು ತೂಕ, ಅಂದರೆ ಆರ್‌ಸಿಯಲ್ಲಿ ಬರೆದಿರುವ ಗ್ರಾಸ್ ವೆಯಿಟ್, 7,500 ಕೆಜಿ ಒಳಗಿದ್ದರೆ ಕಾರಿನ ಲೈಸೆನ್ಸಿನಲ್ಲೇ ಬಾಡಿಗೆ ಗಾಡಿ ಓಡಿಸಬಹುದು. ಸುಪ್ರೀಂ ಕೋರ್ಟು 2017ರಲ್ಲಿ ಹಾಗೆ ಹೇಳಿತ್ತು, 2024ರ ನವೆಂಬರಿನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿ ಹಿಡಿದಿದೆ. ಹಾಗಾಗಿ ಛೋಟಾ ಹಾಥಿ, ಬೊಲೆರೊ ಪಿಕಪ್, ಟಾಟಾ 407 ಇವಕ್ಕೆ ತೊಂದರೆ ಇಲ್ಲ. ಖಾಲಿ ಗಾಡಿಯ ತೂಕ ನೋಡಬೇಡ, ಲೋಡ್ ಸೇರಿಸಿದ ತೂಕ ನೋಡು. ಅದಕ್ಕಿಂತ ದೊಡ್ಡ ಐಚರ್ ಹತ್ತಬೇಡ, ಕೇಸ್ ಆದರೆ ಇನ್ಶೂರೆನ್ಸಿನವರು ದುಡ್ಡನ್ನು ಮಾಲೀಕನಿಂದ ವಸೂಲಿ ಮಾಡ್ತಾರೆ. ಕಾರಿನ ಲೈಸೆನ್ಸಿಗೆ ಒಂದು ವರ್ಷ ತುಂಬಿ, ನಿನಗೆ 20 ಆದ ಮೇಲೆ ಹೆವಿಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಹಾಕು. ಎಂಟನೇ ತರಗತಿ ಪಾಸಾಗಿರಬೇಕು ಅನ್ನುವ ಹಳೇ ನಿಯಮ 2019ರಲ್ಲೇ ಹೋಗಿದೆ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡ.

ಈಗ ಚಿತ್ತಾಪುರದ ತಮ್ಮ, ನಿನಗೂ ನನ್ನ ಸಲಹೆ ಇದೇ ಸಣ್ಣ ಗಾಡಿ. ಹೆವಿ ಇದೆ ಅಂತ ಹದಿನಾಲ್ಕು ಚಕ್ರವೇ ಬೇಕು ಅಂತ ಕೂರಬೇಡ. ನಾನು ಕಲಬುರಗಿ ಮಾರುಕಟ್ಟೆ ನೆಹರು ಗಂಜ್‌ನಲ್ಲಿ ಬೇಳೆ ಲೋಡ್ ಮಾಡಿಸುವವನು, ಸ್ವಂತ ಗಾಡಿಗಳೂ ಇವೆ. ನಾನು ಡ್ರೈವರನ್ನು ಹೇಗೆ ಆರಿಸ್ತೀನಿ ಅಂತ ಹೇಳ್ತೀನಿ ಕೇಳು. ಅನುಭವದ ಪತ್ರ ಯಾರೂ ತರಲ್ಲ, ತಂದರೂ ನಾನು ಓದಲ್ಲ. ಹಮಾಲರನ್ನು ಕೇಳ್ತೀನಿ. ಆ ಹುಡುಗ ಹೇಗೆ ಅಂತ ಅವರಿಗೆ ಎಲ್ಲ ಗೊತ್ತಿರುತ್ತೆ, ಕುಡೀತಾನಾ, ಲೋಡಿಂಗ್ ಟೈಮಿಗೆ ಬರ್ತಾನಾ, ಗಾಡಿ ಬಿಟ್ಟು ಹರಟೆ ಹೊಡೀತಾನಾ, ಮಾಲಿನ ಮೇಲೆ ಕೈ ಹಾಕ್ತಾನಾ. ಆಮೇಲೆ ಅವನ ಲೈಸೆನ್ಸ್ ನಂಬರ್ ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಿ ನೋಡ್ತೀನಿ. ಅಷ್ಟೇ. ಹಾಗಾಗಿ ಕಪನೂರಿನ ದಾಲ್ ಮಿಲ್ಲುಗಳು, ಗಂಜ್, ಇಲ್ಲೆಲ್ಲ 407 ಆದರೂ ಸರಿ, ಓಡಿಸ್ತಾ ನಾಲ್ಕು ಜನರ ಕಣ್ಣಿಗೆ ಬೀಳು. ಹೊಸಬನಿಗೆ ದೊಡ್ಡ ಗಾಡಿ ಸಿಗೋದು ಇನ್ನೊಬ್ಬರ ಮಾತಿನ ಮೇಲೆ. ಆ ಮಾತು ಹೇಳುವವರು ನಿನ್ನನ್ನು ನೋಡಿರಬೇಕಲ್ಲ.

ಸಮಯವೂ ನೋಡ್ಕೋ. ಬೇಸಿಗೆ ಕೊನೆಗೆ, ಮಳೆಗಾಲದಲ್ಲಿ ಗಾಡಿಗಳೇ ಖಾಲಿ ನಿಂತಿರುತ್ತವೆ, ಆಗ ಹೊಸಬನನ್ನು ಯಾರು ತಗೋತಾರೆ? ದೀಪಾವಳಿ ಹೊತ್ತಿಗೆ ಬೀದರ್, ಆಳಂದ, ಅಫಜಲಪುರ ಕಡೆ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸೋಕೆ ಶುರು ಮಾಡ್ತವೆ. ಡಿಸೆಂಬರಿನಿಂದ ತೊಗರಿ ರಾಶಿ, ಜನವರಿ, ಫೆಬ್ರವರಿಯಲ್ಲಿ ಎಪಿಎಂಸಿ ತುಂಬಿ ತುಳುಕುತ್ತೆ. ಆ ಕಾಲದಲ್ಲಿ ಡ್ರೈವರ್ ಸಾಲದೆ ನಾವೇ ಹುಡುಕಿಕೊಂಡು ಹೋಗ್ತೀವಿ.

ನಂಬಿಕೆ ಹುಟ್ಟುವುದು ಕಾಗದಪತ್ರ ಸರಿಯಾಗಿ ನೋಡಿಕೊಳ್ಳುವ ಹುಡುಗನ ಮೇಲೆ. ಉದಾಹರಣೆಗೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸೋಕೆ ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ಕಾಗದ. 200 ಕಿಲೋಮೀಟರಿಗೆ ಒಂದು ದಿನ ಲೆಕ್ಕ. ಗಾಡಿ ಕೆಟ್ಟು ನಿಂತರೆ ಸುಮ್ನೆ ಕೂರಬಾರದು, ಕೂಡಲೇ ಮಾಲೀಕನಿಗೆ ಫೋನ್ ಮಾಡಬೇಕು, ಯಾಕಂದರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆವರೆಗೆ ಮಾತ್ರ ಅದನ್ನು ಮುಂದುವರಿಸಬಹುದು. ಈ ಒಂದು ವಿಷಯ ಗೊತ್ತಿದ್ದರೂ ಸಾಕು, ಈ ಹುಡುಗ ಕೆಲಸ ಕಲಿತಿದ್ದಾನೆ ಅಂತ ಅನ್ನಿಸುತ್ತೆ.

ಭಾಲ್ಕಿ ಅಕ್ಕ:

ನಮ್ಮ ಮನೆಯವರು ಲಾರಿ ಡ್ರೈವರ್. ಎಲ್ಲರೂ ಕೆಲಸದ ಬಗ್ಗೆ ಹೇಳಿದ್ದಾರೆ, ನಾನು ನಿಮ್ಮ ಅವ್ವನ ಮಾತಿಗೆ ಉತ್ತರ ಕೊಡ್ತೀನಿ. ಅವರ ಭಯ ಸುಳ್ಳಲ್ಲ ತಮ್ಮಾ. ಫೋನ್ ಹತ್ತದ ರಾತ್ರಿ ಹೇಗಿರುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಕೇಳ್ತೀನಿ, ಕೆಲಸಕ್ಕೆ ಸೇರುವ ಮುಂಚೆ ನಿದ್ದೆಯ ಬಗ್ಗೆ ಮಾಲೀಕನ ಹತ್ತಿರ ಮಾತಾಡು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಕಾನೂನಿನಲ್ಲೇ ಬಂತು, ಐದು ಗಂಟೆ ಕೆಲಸದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಅಂತಲೂ ಅದರಲ್ಲಿತ್ತು. ರಸ್ತೆಯಲ್ಲಿ ಹಾಗೆ ನಡೆಯೋದು ಎಲ್ಲಿ? ಆದರೂ ರಾತ್ರಿ ಎರಡರಿಂದ ಐದರ ತನಕ ನಾನು ಗಾಡಿ ನಿಲ್ಲಿಸಿ ಮಲಗ್ತೀನಿ ಅಂತ ಮೊದಲ ದಿನವೇ ಹೇಳು. ಅದಕ್ಕೆ ಸಿಟ್ಟಾಗುವ ಮಾಲೀಕ ನಿನಗೆ ಬೇಡ. ನಿದ್ದೆ ಬರದಿರಲಿ ಅಂತ ಯಾರಾದರೂ ಗುಳಿಗೆ ಕೊಟ್ಟರೆ ತಗೋಬೇಡ, ದಯವಿಟ್ಟು.

ಓವರ್‌ಲೋಡ್ ಹಾಕಿದರೆ ದಂಡ ಮಾಲೀಕ ಕಟ್ಟಬಹುದು, ಆದರೆ ಲೈಸೆನ್ಸ್ ಅಮಾನತಾಗೋದು ನಿನ್ನದು. ಗಾಡಿ ಓಡಿಸುತ್ತಾ ಫೋನ್ ಹಿಡಿದರೂ, ಲೋಡ್ ಗಾಡಿಯಲ್ಲಿ ಜನ ಹತ್ತಿಸಿದರೂ ಹಾಗೇ. ನಮ್ಮ ಕಡೆ ಮದುವೆಗೆ, ಜಾತ್ರೆಗೆ ಊರಿನವರೇ ಹತ್ತಿಸ್ಕೋ ಅಂತಾರೆ, ಇಲ್ಲ ಅನ್ನೋದು ಕಷ್ಟ, ಆದರೂ ಇಲ್ಲ ಅನ್ನು.

ಅಪಘಾತ ಆದರೆ ಏನು ಮಾಡಬೇಕು ಅಂತ ಈಗಲೇ ತಿಳಿದಿರಲಿ. ಗಾಯ ಆದವರಿಗೆ ಚಿಕಿತ್ಸೆ ಕೊಡಿಸೋದು ಡ್ರೈವರಿನ ಕರ್ತವ್ಯ, 108ಕ್ಕೆ ಫೋನ್ ಮಾಡು. ಜನ ಸಿಟ್ಟಿನಿಂದ ಸೇರಿ ಹೊಡೆಯೋಕೆ ಬಂದರೆ ಅಲ್ಲೇ ನಿಲ್ಲಬೇಕು ಅಂತ ಕಾನೂನು ಹೇಳಲ್ಲ, ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಲ್ಲಿ ಅದನ್ನು ಬಿಟ್ಟಿದ್ದಾರೆ. ಆದರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಹೇಳಬೇಕು, ಎಷ್ಟು ತಡವಾದರೂ 24 ಗಂಟೆ ಒಳಗೆ. ಓಡಿ ಹೋಗಿ ಫೋನ್ ಆಫ್ ಮಾಡಿ ಕೂತರೆ ಸಣ್ಣ ಕೇಸೂ ದೊಡ್ಡದಾಗುತ್ತೆ.

ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ಡ್ರೈವರುಗಳಿಗೆ, ಕ್ಲೀನರುಗಳಿಗೆ ನೋಂದಣಿ ಇದೆ, ಅಪಘಾತವಾದರೆ ಮನೆಯವರಿಗೆ ಪರಿಹಾರ ಸಿಗುತ್ತೆ. ಅರ್ಜಿ ಹಾಕಿ ಆ ಕಾರ್ಡನ್ನು ಅವ್ವನ ಕೈಗೇ ಕೊಡು. ಹಾಗೇ ಒಮ್ಮೆ ಅವರನ್ನೂ ಗಾಡಿ ಹತ್ತಿರ ಕರೆದುಕೊಂಡು ಹೋಗು, ಒಳಗೆ ಕೂರಿಸು, ಎಲ್ಲಿ ಮಲಗ್ತೀಯ ಅಂತ ತೋರಿಸು. 2025ರಿಂದ ಹೊಸದಾಗಿ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ದೊಡ್ಡ ವಿಷಯ, ಆದರೆ ಹೊಸಬರಿಗೆ ಸಿಗೋದು ಹಳೇ ಗಾಡಿಯೇ ಇರುತ್ತೆ, ನೀರಿನ ಕ್ಯಾನ್ ಜೊತೆಗಿರಲಿ.

ಚಿತ್ತಾಪುರದವ:

ಎಲ್ಲರಿಗೂ ಕೈ ಮುಗೀತೀನಿ. ಅಕ್ಕಾ, ನೀವು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ, ರಾತ್ರಿ ಎರಡರಿಂದ ಐದು ಅನ್ನೋದನ್ನು ಮಾತ್ರ ಮತ್ತೊಮ್ಮೆ ಕೇಳಿದಳು.

ಸಂಬಳ ಇಲ್ಲದ ಕ್ಲೀನರ್ ಕೆಲಸಕ್ಕೆ ಹೋಗಲ್ಲ. ನಮ್ಮೂರಿನ ಒಬ್ಬ ಕಾಕಾ ಗಂಜ್‌ನಲ್ಲಿ ಹಮಾಲಿ ಮಾಡ್ತಾರೆ, ಇಷ್ಟು ದಿನ ಅವರನ್ನು ಕೇಳಬೇಕು ಅಂತಲೇ ಹೊಳೆದಿರಲಿಲ್ಲ. ಇನ್ನೊಂದು ಕೇಳ್ತೀನಿ, ಕೆಕೆಆರ್‌ಟಿಸಿ ಡ್ರೈವರ್ ಕೆಲಸಕ್ಕೆ ನಾನು ಅರ್ಜಿ ಹಾಕಬಹುದಾ? ಸ್ನೇಹಿತರು ದುಬೈ, ಸೌದಿ ಅಂತಾನೂ ಹೇಳ್ತಾರೆ.

ಹುಮನಾಬಾದ್ ಲೈನ್:

ಬಸ್ಸಿಗೆ ಈಗಲೇ ಆಗಲ್ಲ ತಮ್ಮಾ. ಹಿಂದಿನ ಅಧಿಸೂಚನೆಗಳಲ್ಲಿ ವಯಸ್ಸು 24 ತುಂಬಿರಬೇಕು, ಹೆವಿ ಲೈಸೆನ್ಸ್ ಪಡೆದು 2 ವರ್ಷ ಆಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತ ಇತ್ತು. ನಿನಗೆ ಎರಡೂ ಒಟ್ಟಿಗೇ ತುಂಬುತ್ತೆ. ಅಲ್ಲಿಯ ತನಕ ಲಾರಿ ಓಡಿಸು, ಲೈಸೆನ್ಸಿನ ಮೇಲೆ ಒಂದು ಕೇಸೂ ಬೀಳದ ಹಾಗೆ ನೋಡ್ಕೋ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಈಗಲೇ ಮಾಡಿಸಿಡು. ಅಧಿಸೂಚನೆ ಬಂದ ಮೇಲೆ ಅದಕ್ಕೆ ಎಲ್ಲರೂ ಒಟ್ಟಿಗೇ ಸಾಲು ನಿಲ್ತಾರೆ.

ದುಬೈ, ಸೌದಿ ಈಗ ಬೇಡ. ಅಲ್ಲಿ ಮತ್ತೆ ಲೈಸೆನ್ಸ್ ತಗೋಬೇಕು, ಕೈ ಪಳಗದೆ ಹೋದರೆ ಫೇಲಾಗಿ ಸಾಲದ ಜೊತೆ ವಾಪಸ್ ಬರ್ತೀಯ. ಮುಂದೆ ಹೋಗುವಾಗಲೂ ಸರ್ಕಾರದ ಇ-ಮೈಗ್ರೇಟ್‌ನಲ್ಲಿ ಹೆಸರು ಇರುವ ಏಜೆಂಟ್ ಮೂಲಕವೇ ಹೋಗು.

ಗಂಜ್ ಮಾಲೀಕ:

ನಿಮ್ಮ ಕಾಕಾನ ಜೊತೆಗೇ ಸೋಮವಾರ ಬೆಳಿಗ್ಗೆ ಗಂಜ್‌ಗೆ ಬಾ. ನನ್ನನ್ನು ಹುಡುಕೋದು ಬೇಡ, ಬೇಳೆ ಲೋಡ್ ಆಗುವ ಕಡೆ ಹಮಾಲರ ಹತ್ತಿರ ಈ ಮಾತುಕತೆ ತೋರಿಸು, ಅವರೇ ಕರೆದುಕೊಂಡು ಬರ್ತಾರೆ. ಗಾಡಿ ಕೊಡ್ತೀನಿ ಅಂತ ಮಾತು ಕೊಡ್ತಿಲ್ಲ. ಸಂಜೆ ಒಂದು ಗಾಡಿ ಸೊಲ್ಲಾಪುರಕ್ಕೆ ಹೊರಡುತ್ತೆ, ಡ್ರೈವರ್ ಹಳಬ, ತಾಳ್ಮೆ ಇರುವ ಮನುಷ್ಯ. ಅವನ ಪಕ್ಕ ಕೂತು ಹೋಗಿ ಬಾ, ಭತ್ಯೆ ಕೊಡ್ತೀನಿ. ವಾಪಸ್ ಖಾಲಿ ಬರುವಾಗ ಅವನಿಗೆ ಸರಿ ಅನ್ನಿಸಿದರೆ ಸ್ವಲ್ಪ ದೂರ ಸ್ಟೆರಿಂಗ್ ಕೊಡ್ತಾನೆ. ಬಂದ ಮೇಲೆ ನಾನು ಅವನನ್ನು ಕೇಳ್ತೀನಿ. ಲೈಸೆನ್ಸ್, ಆಧಾರ್ ಜೆರಾಕ್ಸ್ ತಾ, ಒರಿಜಿನಲ್ ನಿನ್ನ ಜೇಬಿನಲ್ಲೇ ಇರಲಿ. ಚಪ್ಪಲಿ ಹಾಕ್ಕೊಂಡು ಬರಬೇಡ.